ಸ್ವಂತ ಕೇಬಲ್ ಮಾಡಿಕೊಳ್ಳಲು ಒಳ್ಳೆಯ ಪ್ಲಗ್ ಯಾವುದು, ಗುರುತಿಸುವುದು ಹೇಗೆ?

ಹೊಸಬೆಸುಗೆ:

ಎಲ್ಲರಿಗೂ ನಮಸ್ಕಾರ. ಮೂರು ವಾರಗಳ ಹಿಂದೆ ನಾನೇ ಕುಳಿತು ಮಾಡಿದ ಗಿಟಾರ್ ಕೇಬಲ್ ನಿನ್ನೆ ಸಂಜೆ ಕೈಕೊಟ್ಟಿತು. ಆಂಪ್ಲಿಫೈಯರ್‌ನಿಂದ ಪ್ಲಗ್ ಎಳೆದರೆ ಅದರ ತುದಿ ಮಾತ್ರ ಒಳಗೇ ಉಳಿಯಿತು. ಕೈಗೆ ಬಂದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿಯ ಗುಂಡು ಬೇರೆ, ಒಳಗಿನ ಕಡ್ಡಿ ಬೇರೆ. ಎರಡನ್ನೂ ಒಂದು ಸಣ್ಣ ರಿವೆಟ್ ಬಡಿದು ಕೂಡಿಸಿದ್ದರು. ಆ ರಿವೆಟ್ ಸಡಿಲವಾಗಿ ಬಿಟ್ಟುಕೊಂಡಿದೆ. ಆಂಪ್ಲಿಫೈಯರ್ ಬಿಚ್ಚಿ, ಜ್ಯಾಕ್‌ನ ಹಿಂಬದಿಯಿಂದ ತಳ್ಳಿ ಆ ತುದಿಯನ್ನು ಹೊರತೆಗೆಯುವಷ್ಟರಲ್ಲಿ ರಾತ್ರಿಯಾಗಿತ್ತು.

ಹೊರಗಿನಿಂದ ನೋಡಿದರೆ ಆ ಪ್ಲಗ್‌ಗೆ ಯಾವ ಕೊರತೆಯೂ ಇರಲಿಲ್ಲ. ಚಿನ್ನದ ಹೊಳಪು, ಕೈಯಲ್ಲಿ ಹಿಡಿದರೆ ತೂಕ, ಹಿಂದೆ ಸ್ಪ್ರಿಂಗ್ ಎಲ್ಲವೂ ಇದ್ದವು. ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ? ನಾನು ಮಾಡಬೇಕೆಂದಿರುವುದು ನಾಲ್ಕು ಕೇಬಲ್: ಐದು ಮೀಟರಿನ ಗಿಟಾರ್ ಕೇಬಲ್, ಮೈಕ್‌ಗೆ ಒಂದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಪ್ಲಗ್), ರೆಕಾರ್ಡ್ ಪ್ಲೇಯರ್‌ಗೆ ಒಂದು ಜೋಡಿ ಆರ್‌ಸಿಎ (ನಡುವೆ ಒಂದೇ ಪಿನ್, ಸುತ್ತ ಬಳೆ ಇರುವ ಪ್ಲಗ್), ಮತ್ತು ಮೊಬೈಲ್‌ನಿಂದ ಆಂಪ್ಲಿಫೈಯರ್‌ಗೆ 3.5 ಮಿ.ಮೀ. ಕಡೆಯಿಂದ ಎರಡು ಆರ್‌ಸಿಎ. ಬೆಸುಗೆ ಹಾಕುವುದು ತಕ್ಕಮಟ್ಟಿಗೆ ಬರುತ್ತದೆ. ದಯವಿಟ್ಟು ದಾರಿ ತೋರಿಸಿ.

ಆರುತಂತಿ:

ತುದಿ ಒಳಗೇ ಉಳಿಯುವುದು ಅಗ್ಗದ ಪ್ಲಗ್‌ಗಳ ಹಳೆಯ ಕಾಯಿಲೆ. ಗಿಟಾರ್ ಕೇಬಲ್‌ಗೆ ಕಣ್ಣು ಮುಚ್ಚಿಕೊಂಡು ನ್ಯೂಟ್ರಿಕ್ ಎನ್‌ಪಿ2ಎಕ್ಸ್ ಅಥವಾ ಸ್ವಿಚ್‌ಕ್ರಾಫ್ಟ್ 280 ತೆಗೆದುಕೊಳ್ಳಿ. ಹತ್ತು ವರ್ಷಗಳಿಂದ ಇವೆರಡನ್ನು ಬಿಟ್ಟು ಬೇರೆ ಬಳಸಿಲ್ಲ.

ಬೆಸುಗೆಕಡ್ಡಿ:

ಆರುತಂತಿ ಅವರು ಹೇಳಿದ ಎರಡೂ ಒಳ್ಳೆಯವೇ. ಆದರೆ ಎರಡರ ಸ್ವಭಾವ ಬೇರೆ. ಆ ವ್ಯತ್ಯಾಸ ಗೊತ್ತಿದ್ದರೆ ಹೆಸರು ಕೇಳಿರದ ಪ್ಲಗ್ ಕೈಗೆ ಬಂದಾಗಲೂ ನೀವೇ ತೀರ್ಮಾನಿಸಬಹುದು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಿಟಾರ್‌ಗೆ ಬಳಸುವ 6.35 ಮಿ.ಮೀ. ಪ್ಲಗ್ 19ನೆಯ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಿಂದ ಬಂದದ್ದು. ಅಲ್ಲಿನ ಸ್ವಿಚ್‌ಬೋರ್ಡಿನಲ್ಲಿ ದಿನಕ್ಕೆ ನೂರಾರು ಬಾರಿ ಚುಚ್ಚಿ ಎಳೆಯುವುದಕ್ಕೆ ರೂಪುಗೊಂಡ ವಸ್ತು ಅದು. ಹೀಗಾಗಿ ಅದರ ಒಳ್ಳೆಯತನವೆಂದರೆ ಮೊದಲಿಗೆ ಗಟ್ಟಿತನ, ಹೊಳಪಲ್ಲ. ನಾನು ಮೊದಲು ನೋಡುವುದು ತುದಿಯನ್ನು. ತುದಿಯಿಂದ ಹಿಡಿದು ಒಳಗೆ ಬೆಸುಗೆ ಹಾಕುವ ಜಾಗದವರೆಗೆ ಒಂದೇ ಕಡ್ಡಿಯನ್ನು ಕಡೆದು ಮಾಡಿದ್ದಾರೆಯೇ, ಇಲ್ಲವೇ ತುಂಡುಗಳನ್ನು ರಿವೆಟ್‌ನಿಂದ ಜೋಡಿಸಿದ್ದಾರೆಯೇ? ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅದನ್ನು ಬಳಸಬೇಡಿ. ನ್ಯೂಟ್ರಿಕ್‌ನ ಎಕ್ಸ್ ಸಾಲಿನಲ್ಲಿ ರಿವೆಟ್ ಇಲ್ಲ, ತುದಿ ಒಂದೇ ತುಂಡು. ಸ್ವಿಚ್‌ಕ್ರಾಫ್ಟ್ 280ರಲ್ಲೂ ತುದಿ ಮತ್ತು ಕಡ್ಡಿ ಒಂದೇ.

ಆಮೇಲೆ ನೋಡಬೇಕಾದದ್ದು ಕೇಬಲ್ಲನ್ನು ಹಿಡಿಯುವ ಬಗೆ. ಮುರಿದ ಕೇಬಲ್‌ಗಳನ್ನು ದುರಸ್ತಿಗೆಂದು ಬಿಚ್ಚಿದಾಗ ಹೆಚ್ಚಾಗಿ ಕಾಣುವುದು ಇಲ್ಲಿನ ಸೋಲು. ಸ್ವಿಚ್‌ಕ್ರಾಫ್ಟ್‌ನಲ್ಲಿ ಸ್ಲೀವ್‌ನ (ತುದಿಯ ಹಿಂದಿರುವ ಉದ್ದ ಕೊಳವೆಯ) ಬಾಲಕ್ಕೆ ಎರಡು ಕಿವಿಗಳಿವೆ, ಅವನ್ನು ಇಕ್ಕಳದಿಂದ ಕೇಬಲ್‌ನ ಹೊರಪದರದ ಮೇಲೆ ಮಡಿಸಬೇಕು. ಸರಿಯಾಗಿ ಮಡಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಅತಿಯಾಗಿ ಒತ್ತಿದರೆ ಕಿವಿ ಹೊರಪದರವನ್ನು ಕೊರೆದು ಒಳಗಿನ ಶೀಲ್ಡ್ ಎಳೆಗಳನ್ನು, ಅಂದರೆ ಗದ್ದಲ ತಡೆಯಲು ನಡುವಿನ ತಂತಿಯ ಸುತ್ತ ಇರುವ ತಾಮ್ರದ ಎಳೆಗಳನ್ನು ಕತ್ತರಿಸುತ್ತದೆ. ನ್ಯೂಟ್ರಿಕ್‌ನಲ್ಲಿ ಹಲ್ಲುಗಳಿರುವ ಪ್ಲಾಸ್ಟಿಕ್ ಹಿಡಿಕೆಯೊಂದು ಕೇಬಲ್ಲನ್ನು ಸುತ್ತುವರಿಯುತ್ತದೆ. ಹಿಂದಿನ ಕವಚವನ್ನು ತಿರುಗಿಸಿದಂತೆಲ್ಲ ಅದು ಬಿಗಿಯುತ್ತಾ ಹೋಗುತ್ತದೆ. ಹೊಸಬರಿಗೆ ಇದೇ ಸುಲಭ.

ಇಲ್ಲಿಯೇ ಬಹಳ ಜನ ಮರೆಯುವ ಮಾತೊಂದಿದೆ. ಪ್ಲಗ್ ಕೊಳ್ಳುವ ಮೊದಲು ಕೇಬಲ್‌ನ ಹೊರವ್ಯಾಸ ಅಳೆಯಿರಿ. ಎನ್‌ಪಿ2ಎಕ್ಸ್ 4ರಿಂದ 7 ಮಿ.ಮೀ. ದಪ್ಪದ ಕೇಬಲ್‌ಗೆ ಮಾಡಿದ್ದು. 3 ಮಿ.ಮೀ. ಕೇಬಲ್ ಹಾಕಿದರೆ ಜಗತ್ತಿನ ಅತ್ಯುತ್ತಮ ಪ್ಲಗ್ ಕೂಡ ಹಿಡಿಯುವುದಿಲ್ಲ. ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದು ಎರಡೇ ತಿಂಗಳಲ್ಲಿ ಕರಕರ ಶುರುವಾಗುತ್ತದೆ.

ಹಳೆತಟ್ಟೆ:

ರೆಕಾರ್ಡ್ ಪ್ಲೇಯರ್ ವಿಷಯಕ್ಕೆ ಬರುತ್ತೇನೆ. ಅಲ್ಲಿ ಚಿನ್ನದ ಲೇಪ ಇರುವುದನ್ನೇ ತೆಗೆದುಕೊಳ್ಳಿ. ನಿಕ್ಕಲ್ ಮೇಲೆ ಕಾಲಕ್ರಮೇಣ ಮಸುಕಾದ ಪದರ ಬೆಳೆಯುತ್ತದೆ, ಚಿನ್ನಕ್ಕೆ ಆ ತೊಂದರೆ ಇಲ್ಲ.

ಆರುತಂತಿ:

ಚಿನ್ನವನ್ನು ನಾನು ಒಪ್ಪುವುದಿಲ್ಲ. ಹೊಸಬೆಸುಗೆ ಅವರ ಮುರಿದ ಪ್ಲಗ್ ಕೂಡ ಚಿನ್ನದ ಬಣ್ಣದ್ದೇ ಆಗಿತ್ತಲ್ಲವೇ? ನನ್ನ ಕೇಬಲ್‌ಗಳನ್ನು ಒಂದು ಸಂಜೆಯಲ್ಲಿ ಇಪ್ಪತ್ತು ಸಲ ಚುಚ್ಚಿ ತೆಗೆಯುತ್ತೇನೆ. ಹಿಂದೆ ಬಳಸಿದ ಚಿನ್ನದ ಲೇಪದ ಪ್ಲಗ್ ಒಂದರಲ್ಲಿ ಆರು ತಿಂಗಳಿಗೆ ತುದಿಯ ಕುತ್ತಿಗೆ ಬೆಳ್ಳಗಾಯಿತು. ಲೇಪ ಸವೆದು ಕೆಳಗಿನ ನಿಕ್ಕಲ್ ಕಾಣಿಸಿತು. ನಿಕ್ಕಲ್ ಗಟ್ಟಿ ಲೋಹ, ತಿಕ್ಕಾಟ ತಾಳುತ್ತದೆ.

ಬೆಸುಗೆಕಡ್ಡಿ:

ಇಬ್ಬರೂ ಹೇಳುತ್ತಿರುವುದು ನಿಜ, ಏಕೆಂದರೆ ಇಬ್ಬರ ಬಳಕೆ ಬೇರೆ. ರೆಕಾರ್ಡ್ ಪ್ಲೇಯರ್‌ನ ಮುಳ್ಳು ಕೂರುವ ಭಾಗವೇ ಕಾರ್ಟ್ರಿಡ್ಜ್. ಮ್ಯಾಗ್ನೆಟ್ ಅಲುಗುವ ಬಗೆಯ ಕಾರ್ಟ್ರಿಡ್ಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಸುರುಳಿ ಅಲುಗುವ ಬಗೆಯದ್ದಾದರೆ ಅರ್ಧ ಮಿಲಿವೋಲ್ಟ್‌ಗಿಂತಲೂ ಕಡಿಮೆ ಇರಬಹುದು. ಅಷ್ಟು ಸಣ್ಣ ಸಂಕೇತಕ್ಕೆ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಭೇದಿಸುವ ಬಲವಿಲ್ಲ. ಮೇಲಾಗಿ ರೆಕಾರ್ಡ್ ಪ್ಲೇಯರ್‌ನ ಪ್ಲಗ್ಗನ್ನು ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮುಟ್ಟುವುದಿಲ್ಲ. ಅಲ್ಲಿ ಚಿನ್ನ ಸರಿ. ಗಿಟಾರ್ ಪ್ಲಗ್ ಹಾಕಿ ತೆಗೆಯುವಾಗೆಲ್ಲ ತನ್ನನ್ನು ತಾನೇ ಉಜ್ಜಿಕೊಂಡು ಶುಚಿಯಾಗುತ್ತಿರುತ್ತದೆ. ಅಲ್ಲಿ ನಿಕ್ಕಲ್ ಸಾಕು.

ಆದರೆ ಚಿನ್ನದ ಬಣ್ಣವೆಂದರೆ ಚಿನ್ನದ ದಪ್ಪವಲ್ಲ. ಬಣ್ಣ ಬರುವಷ್ಟು ಮಾತ್ರ ಅದ್ದಿ ತೆಗೆದ ಲೇಪ ಬಲು ತೆಳು, ಬೇಗ ಸವೆಯುತ್ತದೆ. ಬಾಳಿಕೆಗೆಂದು ಮಾಡಿದ ಲೇಪದಲ್ಲಿ ಚಿನ್ನಕ್ಕೆ ತುಸು ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆಸಿ ಗಡಸು ಮಾಡಿರುತ್ತಾರೆ. ತಯಾರಕರು ಲೇಪದ ದಪ್ಪವನ್ನು ಮೈಕ್ರಾನ್‌ನಲ್ಲಿ ಬರೆದು ಕೊಟ್ಟಿದ್ದರೆ ನಂಬಿ. ‘24 ಕ್ಯಾರಟ್’ ಎಂದಷ್ಟೇ ಬರೆದಿದ್ದರೆ ಅದು ಚಿನ್ನದ ಶುದ್ಧತೆಯನ್ನು ಹೇಳುತ್ತದೆ, ದಪ್ಪದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಳೆತಟ್ಟೆ:

ದಪ್ಪದ ವಿಚಾರ ನನಗೆ ಹೊಳೆದಿರಲಿಲ್ಲ. ಗಿಟಾರ್‌ಗೆ ನಿಕ್ಕಲ್ ಎಂಬುದನ್ನು ಒಪ್ಪಿದೆ.

ಆರ್‌ಸಿಎ ಬಗ್ಗೆ ಇನ್ನೊಂದು ಮಾತು. ಅದರ ವಿನ್ಯಾಸದಲ್ಲೇ ಒಂದು ದೋಷವಿದೆ: ಪ್ಲಗ್ ಚುಚ್ಚುವಾಗ ನಡುವಿನ ಪಿನ್ ಮೊದಲು ತಾಗುತ್ತದೆ, ಭೂಮಿಯ ಸಂಪರ್ಕ ಆಮೇಲೆ. ಆಂಪ್ಲಿಫೈಯರ್ ಚಾಲೂ ಇದ್ದರೆ ಆ ಕ್ಷಣದಲ್ಲಿ ಸ್ಪೀಕರ್ ‘ಗುಂಯ್’ ಎಂದು ಅರಚುತ್ತದೆ. ನ್ಯೂಟ್ರಿಕ್‌ನ ಎನ್‌ಎಫ್2ಸಿ-ಬಿ/2 ಎಂಬ ಪ್ಲಗ್‌ನಲ್ಲಿ ಹೊರಬಳೆಗೆ ಸ್ಪ್ರಿಂಗ್ ಕೊಟ್ಟಿದ್ದಾರೆ, ಅದು ಮುಂದಕ್ಕೆ ಚಾಚಿಕೊಂಡು ಭೂಮಿಯನ್ನು ಮೊದಲು ಮುಟ್ಟಿಸುತ್ತದೆ. ನನ್ನ ಬಳಿ ಒಂದು ಜೋಡಿ ಇದೆ, ಮೆಚ್ಚಿದ್ದೇನೆ. ಆದರೆ ದಪ್ಪ ಜಾಸ್ತಿ. ಜ್ಯಾಕ್‌ಗಳು ಒತ್ತೊತ್ತಾಗಿರುವ ಹಳೆಯ ಆಂಪ್ಲಿಫೈಯರ್‌ನಲ್ಲಿ ಅಕ್ಕಪಕ್ಕ ಕೂರುವುದು ಕಷ್ಟ. ಅದು ಬೇಡವೆಂದರೆ ರೀಯನ್ ಎನ್‌ವೈಎಸ್373 ಸಾಕು. ರೀಯನ್ ನ್ಯೂಟ್ರಿಕ್‌ನದ್ದೇ ಇನ್ನೊಂದು ಬ್ರ್ಯಾಂಡ್, ಸರಳ, ಚೊಕ್ಕ.

ವೇದಿಕೆಹಿಂದೆ:

ಕಾರ್ಯಕ್ರಮಗಳಿಗೆ ಧ್ವನಿವರ್ಧಕ ಹೂಡುವುದು ನನ್ನ ಕೆಲಸ. ಎಕ್ಸ್‌ಎಲ್‌ಆರ್ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಗೊಂದಲ ಕಡಿಮೆ. ನ್ಯೂಟ್ರಿಕ್ ಎನ್‌ಸಿ3ಎಂಎಕ್ಸ್‌ಎಕ್ಸ್ ಮತ್ತು ಎನ್‌ಸಿ3ಎಫ್‌ಎಕ್ಸ್‌ಎಕ್ಸ್ ಜೋಡಿ ತೆಗೆದುಕೊಳ್ಳಿ. 3.5ರಿಂದ 8 ಮಿ.ಮೀ. ಕೇಬಲ್ ಹಿಡಿಯುತ್ತವೆ, ಒಂದೇ ಒಂದು ಸ್ಕ್ರೂ ಇಲ್ಲ. ಪಿನ್ 1 ಶೀಲ್ಡ್, ಪಿನ್ 2 ಹಾಟ್, ಪಿನ್ 3 ಕೋಲ್ಡ್ (ಸಂಕೇತ ಸಾಗಿಸುವ ಎರಡು ತಂತಿಗಳ ಹೆಸರು). ಕೇಬಲ್ ಒಳಗೆ ನಾಲ್ಕು ತಂತಿಯ ಕ್ವಾಡ್ ಆಗಿದ್ದರೆ ಎದುರುಬದುರಿನ ಎರಡೆರಡನ್ನು ಕೂಡಿಸಬೇಕು, ಪಕ್ಕಪಕ್ಕದವನ್ನಲ್ಲ. ಪಕ್ಕದವನ್ನು ಕೂಡಿಸಿದರೆ ಗದ್ದಲ ತಡೆಯುವ ಕ್ವಾಡ್‌ನ ಗುಣವೇ ಹೋಗುತ್ತದೆ. ಪ್ಲಗ್‌ನ ಕವಚಕ್ಕೆಂದು ಇರುವ ನಾಲ್ಕನೆಯ ಕಿವಿಯನ್ನು ಮೈಕ್ ಕೇಬಲ್‌ನಲ್ಲಿ ಖಾಲಿ ಬಿಡಿ.

ನಾನು ಹೆಚ್ಚು ಹೇಳಬೇಕಾದದ್ದು ನಕಲಿ ಮಾಲಿನ ಬಗ್ಗೆ. ಹೋದ ವರ್ಷ ಅಂತರ್ಜಾಲ ಮಾರಾಟಗಾರನೊಬ್ಬನಿಂದ ಹೆಸರಾಂತ ಕಂಪನಿಯದ್ದೆಂದು ಐವತ್ತು ಪ್ಲಗ್ ತರಿಸಿದೆ. ಅಸಲಿಯೊಂದನ್ನು ಪಕ್ಕದಲ್ಲಿಟ್ಟು ನೋಡುವವರೆಗೆ ಅನುಮಾನವೇ ಬರಲಿಲ್ಲ. ಅಸಲಿಯ ಮೇಲಿನ ಹೆಸರಿನ ಅಂಚು ಚೂಪಾಗಿತ್ತು. ಬಂದದ್ದರ ಅಕ್ಷರ ಕರಗಿದ ಮೇಣದಂತೆ ದುಂಡಗಿತ್ತು. ಹಿಂದಿನ ಕವಚ ತಿರುಗಿಸಿದರೆ ತಿರುಪಿನ ಸುತ್ತುಗಳೊಳಗೆ ಮರಳು ಸಿಕ್ಕಿದಂತೆ ಗರಗರ ಎನ್ನುತ್ತಿತ್ತು. ಹಿಡಿಕೆಯ ಹಲ್ಲುಗಳು ಎಷ್ಟು ಮೃದುವೆಂದರೆ ಬಿಗಿದ ಮೇಲೆ ಕೇಬಲ್ ಎಳೆದರೆ ಜಾರಿಕೊಂಡು ಬಂತು. ಬೆಸುಗೆ ಹಾಕಲು ಹೋದಾಗ ತವರ ಲೋಹದ ಮೇಲೆ ಹರಡಲಿಲ್ಲ, ಕಮಲದೆಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಉರುಳಿತು. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಇನ್ನೆರಡು ಸೆಕೆಂಡ್ ಹೆಚ್ಚು ಹಿಡಿದೆ. ಪಿನ್ ಹಿಡಿದಿದ್ದ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗಿ ನಿಂತಿತು.

ಅಂದಿನಿಂದ ನನ್ನದು ಒಂದು ಪದ್ಧತಿ. ತಯಾರಕರು ತಮ್ಮ ಜಾಲತಾಣದಲ್ಲಿ ಅಧಿಕೃತ ವಿತರಕರ ಪಟ್ಟಿ ಕೊಟ್ಟಿರುತ್ತಾರೆ. ಅಲ್ಲಿಂದ ಅಥವಾ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನೇ ಮಾರುವ ದೊಡ್ಡ ವಿತರಕರಿಂದ ಮಾತ್ರ ಕೊಳ್ಳುತ್ತೇನೆ. ಯಾವ ಹೊಸ ಮಾಲು ಬಂದರೂ ಒಂದನ್ನು ಬಲಿಕೊಡುತ್ತೇನೆ: ಕಾದ ಕಡ್ಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿಯುವುದು, ತಣಿದ ಮೇಲೆ ಪಿನ್ ಅಲುಗಿಸುವುದು. ಅದು ನೆಟ್ಟಗೆ ನಿಂತರೆ ಉಳಿದವನ್ನು ಬಳಸುತ್ತೇನೆ.

ಹೊಸಬೆಸುಗೆ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಯಸ್ಕಾಂತ ಹಿಡಿದು ನೋಡಿದರೆ ಅಸಲಿ ನಕಲಿ ಗೊತ್ತಾಗುತ್ತದೆ ಎಂದು ಎಲ್ಲೋ ಓದಿದ್ದೆ. ಒಳ್ಳೆಯ ಪ್ಲಗ್ ಹಿತ್ತಾಳೆಯದ್ದು, ಅಂಟುವುದಿಲ್ಲ ಎಂದು. ನಿಜವೇ?

ಬೆಸುಗೆಕಡ್ಡಿ:

ಅರ್ಧ ನಿಜ. ಹಿತ್ತಾಳೆ ಅಂಟುವುದಿಲ್ಲ, ಆದರೆ ನಿಕ್ಕಲ್ ಅಯಸ್ಕಾಂತಕ್ಕೆ ಒಲಿಯುವ ಲೋಹ. ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪವಿದ್ದರೆ ಬಲವಾದ ಅಯಸ್ಕಾಂತಕ್ಕೆ ತುಸು ಸೆಳೆತ ಕಾಣಬಹುದು. ಪ್ಲಗ್ ಟಪ್ಪನೆ ಹಾರಿ ಅಂಟಿಕೊಂಡರೆ ಒಳಗಿರುವುದು ಉಕ್ಕು. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿದ ಪ್ಲಗ್ ಕೂಡ ಹಿತ್ತಾಳೆಯಂತೆಯೇ ಅಂಟುವುದಿಲ್ಲ. ಕವಚಕ್ಕೆ ಆ ಲೋಹ ನಡೆಯುತ್ತದೆ, ಒಳ್ಳೆಯ ಕಂಪನಿಗಳೂ ಬಳಸುತ್ತವೆ. ಸಂಪರ್ಕದ ಭಾಗಕ್ಕೆ ಬೇಡ. ಹಾಗಾಗಿ ಅಯಸ್ಕಾಂತಕ್ಕಿಂತ ವರ್ನಿಯರ್ ಕ್ಯಾಲಿಪರ್ ಹೆಚ್ಚು ಉಪಯೋಗಿ. ಸ್ಲೀವ್‌ನ ವ್ಯಾಸ 6.35ಕ್ಕೆ ಬದಲು 6.2 ಬಂದರೆ ಆ ಪ್ಲಗ್ ಯಾವ ಜ್ಯಾಕ್‌ನಲ್ಲೂ ನೆಟ್ಟಗೆ ಕೂರುವುದಿಲ್ಲ.

ಆರುತಂತಿ:

ಮೊಬೈಲ್ ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕರಲ್ಲಿ ಅದೇ ಕಷ್ಟದ್ದು. ಒಂದು 3.5 ಮಿ.ಮೀ. ಪ್ಲಗ್‌ನ ಹಿಂಬದಿಗೆ ಎರಡು ಕೇಬಲ್ ತೂರಬೇಕು. 6 ಮಿ.ಮೀ. ಕೇಬಲ್ ಎರಡು ಖಂಡಿತ ಹೋಗುವುದಿಲ್ಲ. ಪಕ್ಕಪಕ್ಕ ಅಂಟಿಕೊಂಡಿರುವ ತೆಳು ಶೀಲ್ಡ್ ಜೋಡಿ ಕೇಬಲ್ ಸಿಗುತ್ತದೆ, ಒಂದೊಂದು ಎಳೆ 3 ಮಿ.ಮೀ.ಗಿಂತ ಕಡಿಮೆ. ಅದನ್ನೇ ಬಳಸಿ. ಇನ್ನೊಂದು, ಮೊಬೈಲ್‌ಗೆ ರಕ್ಷಾಕವಚ ಹಾಕಿದ್ದರೆ ಅದರ ರಂಧ್ರ ಅಳೆದು ಪ್ಲಗ್ ಆರಿಸಿ. ದಪ್ಪ ಕತ್ತಿನ ಪ್ಲಗ್ ಒಳಗೆ ಪೂರ್ತಿ ಹೋಗದೆ ಒಂದು ಕಡೆಯ ಸದ್ದು ಮಾತ್ರ ಬರುತ್ತದೆ. ಜನ ಪ್ಲಗ್ಗನ್ನೇ ದೂರುತ್ತಾರೆ.

ಬೆಸುಗೆಕಡ್ಡಿ:

3.5 ಮಿ.ಮೀ. ಪ್ಲಗ್‌ನಲ್ಲಿ ಟಿಪ್ (ತುದಿ), ರಿಂಗ್ (ನಡುವಿನ ಲೋಹದ ಬಳೆ), ಸ್ಲೀವ್ ನಡುವಿನ ನಿರೋಧಕ ಬಳೆಗಳು ತೀರಾ ತೆಳು, ಬಿಸಿಗೆ ಬೇಗ ಸೋಲುತ್ತವೆ. ಬೆಸುಗೆ ಹಾಕುವಾಗ ಪ್ಲಗ್ಗನ್ನು ಹಳೆಯ ಜ್ಯಾಕ್ ಒಂದಕ್ಕೆ ಚುಚ್ಚಿಟ್ಟುಕೊಳ್ಳಿ. ಜ್ಯಾಕ್ ಬಿಸಿಯನ್ನು ಎಳೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಮೆತ್ತಗಾದರೂ ಭಾಗಗಳು ಜಾರದಂತೆ ಹಿಡಿದಿಡುತ್ತದೆ. ಎಕ್ಸ್‌ಎಲ್‌ಆರ್‌ಗೂ ಹೀಗೇ ಮಾಡಿ.

ತವರ 63, ಸೀಸ 37 ಇರುವ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ಸೀಸವಿಲ್ಲದ ಸಾಮಾನ್ಯ ಮಿಶ್ರಣಗಳಿಗೆ 217ರ ಮೇಲೆ ಬೇಕು. ಸೀಸದ್ದಾದರೆ ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಹೊಗೆಯ ಮೇಲೆ ಮುಖ ಇಡಬೇಡಿ. ಕಡ್ಡಿಯ ಬಿಸಿ ಕಡಿಮೆ ಮಾಡಿ ಹೆಚ್ಚು ಹೊತ್ತು ಒತ್ತುವುದಕ್ಕಿಂತ, 350 ಡಿಗ್ರಿಯ ಸುತ್ತ ಇಟ್ಟು ಅಗಲ ಮೂತಿಯಿಂದ ಎರಡು ಮೂರು ಸೆಕೆಂಡಿನಲ್ಲಿ ಮುಗಿಸುವುದು ಪ್ಲಗ್‌ಗೆ ಹಿತ. ಪ್ಲಗ್‌ಗೂ ತಂತಿಗೂ ಮೊದಲೇ ಬೇರೆಬೇರೆಯಾಗಿ ತವರ ಹಚ್ಚಿಕೊಂಡಿರಿ. ಕವಚವನ್ನು ಕೇಬಲ್‌ಗೆ ಮುಂಚೆಯೇ ಪೋಣಿಸಿಕೊಂಡಿರಿ.

ಹೊಸಬೆಸುಗೆ:

ಹದಿನೈದು ದಿನಗಳ ಮೇಲೆ ಬರೆಯುತ್ತಿದ್ದೇನೆ. ಅಧಿಕೃತ ವಿತರಕರಿಂದ ಪ್ಲಗ್‌ಗಳು ಬಂದವು. ಹಳೆಯದರ ಪಕ್ಕದಲ್ಲಿ ಹೊಸದನ್ನು ಹಿಡಿದಾಗಲೇ ನೀವು ಹೇಳಿದ್ದು ಅರ್ಥವಾಯಿತು. ತುದಿಯನ್ನು ತಿರುಗಿಸಲು ನೋಡಿದೆ, ಕಲ್ಲಿನಂತೆ ನಿಂತಿತ್ತು. ಎಕ್ಸ್‌ಎಲ್‌ಆರ್, ಆರ್‌ಸಿಎ, ಮೊಬೈಲ್ ಕೇಬಲ್ ಮೂರೂ ಮೊದಲ ಸಲಕ್ಕೇ ಸರಿಯಾದವು. ರೆಕಾರ್ಡ್ ಪ್ಲೇಯರ್‌ನಲ್ಲಿ ಮೊದಲಿದ್ದ ಸಣ್ಣ ಕರಕರ ಹೋಗಿ ಹಾಡುಗಳ ನಡುವಿನ ನಿಶ್ಶಬ್ದ ನಿಜವಾಗಿ ನಿಶ್ಶಬ್ದವಾಗಿದೆ.

ಗಿಟಾರ್ ಕೇಬಲ್ ಮಾತ್ರ ಸರಿಯಿಲ್ಲ. ಸದ್ದು ಬರುತ್ತದೆ, ಆದರೆ ಮೇಲೆ ಕಂಬಳಿ ಹೊದಿಸಿದಂತೆ ಮಂಕಾಗಿದೆ. ಕೇಬಲ್ ಮತ್ತು ಪ್ಲಗ್ ಎರಡೂ ಒಳ್ಳೆಯ ಕಂಪನಿಯವು. ಮಲ್ಟಿಮೀಟರ್‌ನ ಬೀಪ್ ಇಟ್ಟು ನೋಡಿದರೆ ಟಿಪ್‌ಗೂ ಸ್ಲೀವ್‌ಗೂ ನಡುವೆ ಬೀಪ್ ಬರುವುದಿಲ್ಲ. ಅಂದರೆ ಶಾರ್ಟ್ ಇಲ್ಲವಲ್ಲ?

ಹಳೆತಟ್ಟೆ:

ಕೇಬಲ್ ಉದ್ದವಾದರೆ ಅದರ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಹೆಚ್ಚಿ ತಾರಸ್ವರ ಇಳಿಯುತ್ತದೆ. ಅದೇ ಕಾರಣ ಇರಬಹುದೇ?

ಬೆಸುಗೆಕಡ್ಡಿ:

ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದರೂ ಐದು ಮೀಟರಿಗೆ 500. ತುಸು ವ್ಯತ್ಯಾಸ ಕೇಳಿಸಬಹುದು, ಕಂಬಳಿ ಹೊದಿಸಿದಷ್ಟಲ್ಲ. ಪ್ಲಗ್‌ನದ್ದಂತೂ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹೊಸಬೆಸುಗೆ ಅವರೇ, ಬೀಪ್ ಬಿಡಿ. ಮೀಟರನ್ನು ಓಮ್‌ಗೆ ತಿರುಗಿಸಿ, ಕೇಬಲ್‌ನ ಎರಡೂ ತುದಿಯನ್ನು ಯಾವುದಕ್ಕೂ ಚುಚ್ಚದೆ ಟಿಪ್ ಮತ್ತು ಸ್ಲೀವ್ ನಡುವೆ ಎಷ್ಟು ತೋರಿಸುತ್ತದೆ ಹೇಳಿ.

ಹೊಸಬೆಸುಗೆ:

ಒಂದು ಕಡೆ ನಿಲ್ಲುತ್ತಿಲ್ಲ. 40 ಕಿಲೋ ಓಮ್ ಸುತ್ತ ಓಲಾಡುತ್ತಿದೆ. ಪ್ಲಗ್ ಬಳಿ ಕೇಬಲ್ ಬಾಗಿಸಿದರೆ 25ಕ್ಕೆ ಇಳಿಯುತ್ತದೆ.

ಬೆಸುಗೆಕಡ್ಡಿ:

ಸಿಕ್ಕಿತು. ಅದು ಯಾವ ಅಳತೆಯನ್ನೂ ತೋರಿಸಬಾರದು, ಮಾರ್ಗ ಪೂರ್ತಿ ತೆರೆದಿರಬೇಕು. ಬೀಪ್ ಕೂಗುವುದು ಕೆಲವೇ ಓಮ್‌ಗಳಿದ್ದಾಗ ಮಾತ್ರ, ಆದ್ದರಿಂದ ಈ ಸೋರಿಕೆ ಅದಕ್ಕೆ ಕಾಣಲಿಲ್ಲ.

ಪ್ಲಗ್ ಬಿಚ್ಚಿ ಶೀಲ್ಡ್‌ನ ಒಳಗಡೆ ನೋಡಿ. ಗಿಟಾರ್‌ಗೆಂದೇ ಮಾಡಿದ ಹಲವು ಕೇಬಲ್‌ಗಳಲ್ಲಿ ತಾಮ್ರದ ಶೀಲ್ಡ್‌ಗೂ ಒಳಗಿನ ನಿರೋಧಕಕ್ಕೂ ನಡುವೆ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ತೆಳು ಪದರ ಇರುತ್ತದೆ. ನೋಡಲು ನಿರೋಧಕದಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಇಂಗಾಲ ಬೆರೆಸಿರುತ್ತಾರೆ, ವಿದ್ಯುತ್ ಹಾಯುತ್ತದೆ. ಕೇಬಲ್ ತುಳಿದಾಗ, ಬಾಗಿದಾಗ ಏಳುವ ಚಟಪಟ ಸದ್ದನ್ನು ಅಡಗಿಸುವುದು ಅದರ ಕೆಲಸ. ನೀವು ಅದನ್ನು ಬಿಳಿ ನಿರೋಧಕದ ಜೊತೆಗೇ ತುದಿಯವರೆಗೆ ಉಳಿಸಿರಬೇಕು. ಅದು ನಡುವಿನ ತಂತಿಯ ಬೆಸುಗೆಗೆ ತಾಗಿ, ಸಂಕೇತ ಅದರ ಮೂಲಕ ಶೀಲ್ಡ್‌ಗೆ ಸೋರುತ್ತಿದೆ.

ಹರಿತವಾದ ಬ್ಲೇಡ್ ಹಿಡಿದು ಕಪ್ಪು ಪದರದ ಸುತ್ತ ಒತ್ತಡವಿಲ್ಲದೆ ಒಂದು ಗೆರೆ ಎಳೆಯಿರಿ. ಬಾಗಿಸಿದರೆ ಗೆರೆ ಬಿರಿಯುತ್ತದೆ, ಉಗುರಿನಿಂದ ಎಳೆದರೆ ಕೊಳವೆಯಂತೆ ಕಳಚಿ ಬರುತ್ತದೆ. ಬೆಸುಗೆಯಿಂದ ಕನಿಷ್ಠ ನಾಲ್ಕೈದು ಮಿ.ಮೀ. ಹಿಂದಕ್ಕೆ ಅದು ನಿಂತಿರಬೇಕು. ಬಿಳಿ ನಿರೋಧಕದ ಮೇಲೆ ಕಪ್ಪು ಮಸಿ ಉಳಿದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎರಡೂ ತುದಿಯಲ್ಲಿ ಹೀಗೆ ಮಾಡಿ.

ವೇದಿಕೆಹಿಂದೆ:

ಈ ಕಪ್ಪು ಪದರದ ತೊಂದರೆಯಿಂದ ಬಂದ ಕೇಬಲ್‌ಗಳನ್ನು ಕೈತುಂಬ ದುರಸ್ತಿ ಮಾಡಿದ್ದೇನೆ. ಪ್ರತಿ ಸಲವೂ ಪ್ಲಗ್ ಬದಲಿಸಿ ನೋಡಿದ ಮೇಲೆಯೇ ನನ್ನ ಬಳಿಗೆ ಬಂದಿರುತ್ತವೆ.

ಹೊಸಬೆಸುಗೆ:

ಬೆಸುಗೆಕಡ್ಡಿ ಅವರೇ, ನೀವು ಹೇಳಿದಂತೆಯೇ ಇತ್ತು. ಒಂದು ತುದಿಯಲ್ಲಿ ಕಪ್ಪು ಪದರ ಬೆಸುಗೆಯೊಳಗೇ ಮುಳುಗಿತ್ತು. ಎರಡೂ ಕಡೆ ಕಳಚಿ, ಒರೆಸಿ, ಮತ್ತೆ ಬೆಸುಗೆ ಹಾಕಿದೆ. ಮೀಟರ್ ಈಗ ಏನೂ ತೋರಿಸುತ್ತಿಲ್ಲ, ಬಾಗಿಸಿದರೂ ಇಲ್ಲ. ಗಿಟಾರ್ ಹಚ್ಚಿ ಮೊದಲ ತಂತಿ ಮೀಟಿದಾಗ ಸದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಒಳಕೋಣೆಯಿಂದ ಅಕ್ಕ ಬಂದು, ಹೊಸ ಗಿಟಾರ್ ತಂದೆಯಾ ಎಂದು ಕೇಳಿದಳು.

ಆರುತಂತಿ:

ಬಹಳ ಸಂತೋಷ. ಒಂದು ಮಾತು ಮರೆಯುವ ಮೊದಲು ಹೇಳಿಬಿಡುತ್ತೇನೆ. ಮೊದಲ ಪ್ಲಗ್‌ನ ತುದಿ ಮುರಿದು ಸಿಕ್ಕಿಕೊಂಡಿದ್ದ ಆ ಆಂಪ್ಲಿಫೈಯರ್ ಜ್ಯಾಕ್ ನೋಡಿದಿರಾ? ತಳ್ಳಿ ತೆಗೆಯುವಾಗ ಟಿಪ್ ಹಿಡಿಯುವ ಸ್ಪ್ರಿಂಗ್ ಎಲೆ ಬಾಗಿರುವ ಸಾಧ್ಯತೆ ಇದೆ. ಹೊಸ ಪ್ಲಗ್ ಹಾಕಿದಾಗ ಟಕ್ ಎಂದು ಕೂರಬೇಕು, ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಸದ್ದು ಕಡಿಯಬಾರದು.

ಹೊಸಬೆಸುಗೆ:

ಈಗಷ್ಟೇ ನೋಡಿದೆ. ಟಕ್ ಎನ್ನುವುದಿಲ್ಲ, ಸುಮ್ಮನೆ ಜಾರಿ ಹೋಗುತ್ತದೆ. ಎಡಕ್ಕೆ ತಳ್ಳಿದರೆ ಸದ್ದು ಕಡಿಯುತ್ತದೆ. ಎಲೆ ಬಾಗಿದೆ. ಅದನ್ನು ಇಕ್ಕಳದಿಂದ ಒತ್ತಿ ಸರಿಮಾಡುವ ಬದಲು ಜ್ಯಾಕನ್ನೇ ಬದಲಿಸುತ್ತೇನೆ. ರಂಧ್ರದ ವ್ಯಾಸ ಮತ್ತು ಕಾಲುಗಳ ನಡುವಿನ ಅಂತರ ಅಳೆದು ನಾಳೆ ಇಲ್ಲಿಯೇ ಹಾಕುತ್ತೇನೆ.